ಉಡದ ಸಂದಿನ ಹೊಟ್ಟೆಕಿಚ್ಚು

ನಮ್ಮನೆಯವರನ್ನು ಬಂಡೆ ಹತ್ತೋದಕ್ಕೆ ಕರೆದುಕೊಂಡು ಬಂದವಳು ನಾನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕಂದರೆ ಈಗ ಯಾರೂ ನಂಬುವುದಿಲ್ಲ. ಭಾನುವಾರ ಬೆಳಿಗ್ಗೆ ಆನೇಕಲ್ ದಾಟಿ ನಮ್ಮ ಬಂಡೆಯ ಬುಡಕ್ಕೆ ಬರುವ ಹೊಸಬರು ಮೊದಲು ಇವರ ಹತ್ತಿರ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನೀವೂ ಹತ್ತುತ್ತೀರಾ?" ಅನ್ನುತ್ತಾರೆ. ಆ 'ನೀವೂ' ಅನ್ನುವುದರಲ್ಲಿ ಕೊನೆಗೊಂದು ದೀರ್ಘ ಇದೆಯಲ್ಲ, ಅದು ನನ್ನ ಎದೆಯಲ್ಲಿ ಎಷ್ಟು ದಿನ ಚುಚ್ಚಿದೆಯೋ ನನಗೇ ಗೊತ್ತು.

ನಾನು ವರ್ತೂರಿನವಳು. ನಮ್ಮಪ್ಪ ಕೆರೆಯ ಹಿಂದೆ ಸೊಪ್ಪು ಬೆಳೆಯುತ್ತಿದ್ದರು, ಈಗ ಆ ಜಾಗದಲ್ಲಿ ಬಾಡಿಗೆ ಮನೆಗಳಿವೆ. ಶಾಲೆಯಲ್ಲಿ ಖೋಖೋಗೆ ಗುಂಪು ಆರಿಸುವಾಗ ಎಲ್ಲರೂ ಹೋದ ಮೇಲೆ ಉಳಿಯುತ್ತಿದ್ದವಳು ನಾನು. ಕುಳ್ಳಿ, ಕೈ ಸಣ್ಣ, ಓಡಿದರೆ ಏದುಸಿರು. ಓದು ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಗೆ ಸೇರಿದೆ. ಯಂತ್ರಗಳೊಳಗೆ ಕೂರುವ ಹಸಿರು ಬೋರ್ಡುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎಲ್ಲಿ ಬೆಸುಗೆ ಬಿಟ್ಟಿದೆ ಅಂತ ನೋಡುವುದು ನನ್ನ ಕೆಲಸ. ದಿನವಿಡೀ ಕತ್ತು ಬಗ್ಗಿಸಿ ಕೂತು ಸಂಜೆಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಪಕ್ಕದ ಮೇಜಿನ ಗೆಳತಿ ಒಂದು ಭಾನುವಾರ, ಬಾ, ಕತ್ತು ಮೇಲೆತ್ತುವ ಕಡೆ ಕರೆದುಕೊಂಡು ಹೋಗ್ತೀನಿ ಅಂತ ಈ ಬಂಡೆಗೆ ಕರೆತಂದಳು.

ಅಲ್ಲಿ ಒಂದು ಗುಂಪು ಸೇರುತ್ತಿತ್ತು. ಅದನ್ನು ನಡೆಸುತ್ತಿದ್ದವರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಅವರೇ ನನಗೆ ಸೊಂಟದ ಪಟ್ಟಿ ಕಟ್ಟಿ, ಹಗ್ಗ ಗಂಟು ಹಾಕಿ, ಹತ್ತಮ್ಮ ಅಂದರು. ಹತ್ತಿದೆ. ಮೇಲೆ ಹೋಗಿ ಕೂತಾಗ ಗಾಳಿ ಬಂತು. ಕೆಳಗೆ ರಾಗಿ ಹೊಲ, ಆಚೆ ನೀಲಗಿರಿ ತೋಪು, ದೂರದಲ್ಲಿ ನಮ್ಮ ಕಾರ್ಖಾನೆಗಳ ತಗಡಿನ ಚಾವಣಿಗಳು. ಅಲ್ಲಿಯವರೆಗೆ ನನ್ನದು ಅನ್ನುವಂಥದ್ದು ನನಗೇನೂ ಇರಲಿಲ್ಲ. ಮನೆ ಅಪ್ಪನದು, ಚೂಟಿತನ ತಂಗಿಯದು, ಅಂದ ಅತ್ತೆ ಮಗಳದು. ಬಂಡೆ ನನ್ನದು ಅಂದುಕೊಂಡೆ.

ಮದುವೆಗೆ ಹೆಣ್ಣು ನೋಡಲು ಬಂದಾಗಲೂ ಅದನ್ನು ಮುಚ್ಚಿಡಲಿಲ್ಲ. ಇವರು ಗದಗ ಕಡೆಯವರು, ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ನಾನು ಭಾನುವಾರ ಬಂಡೆ ಹತ್ತೋಕೆ ಹೋಗ್ತೀನಿ ಅಂದಾಗ ಇವರ ಸೋದರಮಾವ, ಭಾಳ ಚೊಲೋ, ದೇವರ ಗುಡ್ಡಾ ಹತ್ತೂದು ಪುಣ್ಯ ಅಂದುಬಿಟ್ಟರು. ಯಾರೂ ತಿದ್ದಲಿಲ್ಲ. ಇವರು ಮಾತ್ರ ತಲೆ ತಗ್ಗಿಸಿ ನಗುತ್ತಿದ್ದರು. ಅವತ್ತೇ ನನಗೆ ಇಷ್ಟವಾದರು.

ಮದುವೆಯಾಗಿ ಚಂದಾಪುರದಲ್ಲಿ ಮನೆ ಮಾಡಿದೆವು. ಮೊದಲ ವರ್ಷ ಭಾನುವಾರ ಇವರು ಮನೆಯಲ್ಲೇ ಇದ್ದು ಬಟ್ಟೆ ಒಗೆದು, ನಾನು ಬಂಡೆಯಿಂದ ಬರುವಷ್ಟರಲ್ಲಿ ಅಡುಗೆ ಮಾಡಿಡುತ್ತಿದ್ದರು. ಆಮೇಲೆ ನನ್ನ ಗೆಳತಿ ಗಂಡನ ಜೊತೆ ಪುಣೆಗೆ ಹೋದಳು. ನನ್ನ ಹಗ್ಗ ಹಿಡಿಯಲು ಜನ ಇಲ್ಲದಂತಾಯಿತು. ಬಂಡೆ ಹತ್ತುವವರಿಗೆ ಹಗ್ಗ ಹಿಡಿಯುವವರು ಸಿಗುವುದು ಸುಲಭವಲ್ಲ. ಕೆಳಗೆ ನಿಂತವರು ಹಗ್ಗವನ್ನು ಸೊಂಟದಲ್ಲಿರುವ ಒಂದು ಬಿಲ್ಲೆಯೊಳಗೆ ತೂರಿಸಿಕೊಂಡು, ಮೇಲಿನವರು ಏರಿದಂತೆಲ್ಲ ಬಿಡುತ್ತಾ, ಜಾರಿದರೆ ಆ ಕ್ಷಣವೇ ಬಿಗಿ ಹಿಡಿಯಬೇಕು. ಎರಡು ಭಾನುವಾರ ನಾನು ಮುಖ ಊದಿಸಿಕೊಂಡು ಮನೆಯಲ್ಲಿ ಕೂತಿದ್ದು ನೋಡಿ ಇವರೇ ಹೇಳಿದರು, ನನಗ ಕಲಿಸು, ನಾ ಹಿಡೀತೀನಿ.

ಕಲಿಸಿದೆ. ಚಹಾದ ಫ್ಲಾಸ್ಕು, ಒಗ್ಗರಣೆ ಅವಲಕ್ಕಿ, ಮಡಿಚಿದ ಪೇಪರು ಹಿಡಿದು ಬರುತ್ತಿದ್ದರು. ಹಗ್ಗ ಹಿಡಿದರೆ ಮಾತ್ರ ಕಣ್ಣು ಆಚೀಚೆ ಹೋಗುತ್ತಿರಲಿಲ್ಲ. ಮೇಷ್ಟ್ರು ಹಾಕಿದ ಒಂದು ನಿಯಮ ನಮ್ಮಿಬ್ಬರಿಗೂ ಮಜವಾಗಿತ್ತು. ಬಂಡೆಯ ಮೇಲಿಂದ ಕೂಗುವ ಮಾತು ಚಿಕ್ಕದಾಗಿರಬೇಕು, 'ಬಿಡಿ', 'ಹಿಡಿಯಿರಿ' ಅಂತ ಮರ್ಯಾದೆ ಮಾಡುತ್ತಾ ಕೂತರೆ ಗಾಳಿಗೆ ಕೇಳುವುದಿಲ್ಲ. ಹಾಗಾಗಿ ಮನೆಯಲ್ಲಿ 'ರೀ, ಊಟಕ್ಕೆ ಬನ್ನಿ' ಅನ್ನುವ ನಾನು ಬಂಡೆಯ ಮೇಲೆ 'ಬಿಡು, ಹಿಡಿ, ಎಳೆ' ಅಂತ ಏಕವಚನದಲ್ಲಿ ಕೂಗುತ್ತಿದ್ದೆ. ಇವರಿಗೆ ಅದು ಬಹಳ ಹಿಡಿಸಿತ್ತು. ವಾರಕ್ಕೊಂದಿನ ಹೆಂಡತಿ ಕೈಲಿ ಹಂಗ ಅನ್ನಿಸ್ಕೊಂಡ್ರ ಆಯುಷ್ಯ ಹೆಚ್ಚಾಕ್ಕೈತಿ ಅನ್ನುತ್ತಿದ್ದರು.

ಅದು ಚೆನ್ನಾಗಿದ್ದ ಕಾಲ.

ಒಂದು ದಿನ ಮೇಷ್ಟ್ರು, ನೀವೂ ಒಂದು ಸಲ ಹತ್ತಿ ನೋಡಿ ಸಾರ್, ಎಷ್ಟು ದಿನ ಅಂತ ಕೆಳಗೇ ನಿಲ್ತೀರಿ ಅಂದರು. ಇವರು ಆಫೀಸಿಗೆ ಹಾಕಿ ಹಳತಾದ ಪ್ಯಾಂಟು ಮೊಣಕಾಲವರೆಗೆ ಮಡಿಚಿ, ಯಾರದೋ ಬೂಟು ಹಾಕಿಕೊಂಡು ಹತ್ತಿದರು. ನಾನು ಆರು ತಿಂಗಳು ಒದ್ದಾಡಿ ಕಲಿತ ದಾರಿ ಅದು. ಇವರ ಕಾಲು ಉದ್ದ, ತೋಳು ಉದ್ದ. ನಾನು ಬೆರಳ ತುದಿಯಲ್ಲಿ ನೇತಾಡಿ ಹಾರುತ್ತಿದ್ದ ಕಡೆ ಇವರು ಅಟ್ಟದ ಮೇಲಿಂದ ಡಬ್ಬಿ ತೆಗೆಯುವವರ ಹಾಗೆ ಕೈ ಚಾಚಿ ಹಿಡಿದರು. ಮೇಲೆ ಹೋಗಿ ಕೆಳಗೆ ನೋಡಿ, ಮುಗೀತೇನು ಅಂತ ಕೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆಯುತ್ತಿದ್ದೆ ಅನ್ನಿಸುತ್ತದೆ, ಕೈಯಲ್ಲಿ ಹಗ್ಗ ಇರದೇ ಹೋಗಿದ್ದರೆ. ಹೊಟ್ಟೆಯ ಮೇಲ್ಭಾಗದಲ್ಲಿ ಹುಳಿ ತೇಗಿನ ಹಾಗೆ ಏನೋ ಬಂತು. ಬೆಳಗಿನ ಅವಲಕ್ಕಿ ಅಂದುಕೊಂಡೆ.

ಅವಲಕ್ಕಿ ಆಗಿರಲಿಲ್ಲ. ವರ್ಷ ತುಂಬುವುದರೊಳಗೆ ಗುಂಪಿನಲ್ಲಿ ಎಲ್ಲರೂ ಇವರ ಮಾತೇ ಆಡುವಂತಾಯಿತು. ಹೊಸ ದಾರಿ ನೋಡಿದರೆ ಇವರಿಗೆ ಫೋನು. ಇವರು ಹತ್ತುವ ವಿಡಿಯೋ ಗುಂಪಿನ ವಾಟ್ಸ್ಯಾಪಿನಲ್ಲಿ. ಅದರಲ್ಲಿ ಕೆಳಗೆ ಮೂಲೆಯಲ್ಲಿ ಹಗ್ಗ ಹಿಡಿದ ನನ್ನ ಟೋಪಿ ಮಾತ್ರ ಕಾಣುತ್ತಿತ್ತು. ಮೇಷ್ಟ್ರು ಒಂದು ದಿನ ನನ್ನ ಹತ್ತಿರವೇ ಬಂದು, "ನಿಮ್ಮೆಜಮಾನ್ರಿಗೆ ಇದು ಹುಟ್ಟಿನಿಂದಲೇ ಬಂದಿದೆ ಕಣಮ್ಮ. ಕಲಿತು ಬರೋದಲ್ಲ ಇದು," ಅಂದರು. ಕಲಿತು ಕಲಿತು ಕೈ ಚರ್ಮ ಸುಲಿಸಿಕೊಂಡು ನಿಂತಿದ್ದ ನಾನು, ಹೌದು ಮೇಷ್ಟ್ರೇ ಅಂದೆ.

ಬಂಡೆಯ ಕೆಳಗಿನ ರಾಗಿ ಹೊಲದ ಯಜಮಾನಿ ಕೂಡ ಅಷ್ಟೇ. ಆಕೆ ಮೊದಲಿಂದ ನನ್ನನ್ನು ಕಂಡರೆ, "ಏನ್ ಸಿಕ್ತದವ್ವ ಆ ಬಂಡೆ ಮ್ಯಾಲೆ? ಇಂಗ್ ಬತ್ತೀರ, ಅಂಗ್ ಓಯ್ತೀರ," ಅಂತ ಗದರುತ್ತಿದ್ದ ಹೆಂಗಸು. ಇವರು ಬಂದು ಅವರೆ ಸಾಲು, ಜೋಳದ ಸಾಲು ಅಂತ ಊರ ಕಡೆಯ ಬೇಸಾಯದ ಮಾತು ತೆಗೆದದ್ದೇ ತಡ, ನಮ್ಮ ಬೈಕು ನಿಲ್ಲಿಸಲು ತಮ್ಮ ಹುಣಿಸೆ ಮರದ ನೆರಳು ಬಿಟ್ಟುಕೊಟ್ಟರು. ನಾಲ್ಕು ವರ್ಷ ಅದೇ ಹೊಲದ ಬದುವಿನ ಮೇಲೆ ನಡೆದ ನನ್ನನ್ನು ಆಕೆ ಆಮೇಲೆ ಕರೆಯುತ್ತಿದ್ದುದು, ಆ ಅಣ್ಣನ ಎಂಡ್ತಿ ಅಂತ.

ಹೊಟ್ಟೆಕಿಚ್ಚಿಗೂ ಒಂದು ಜಾಗ ಬೇಕು ನೋಡಿ. ವಾರಗಿತ್ತಿಯ ಸರ ನೋಡಿ ಉರಿಯಬಹುದು, ಪಕ್ಕದ ಮನೆಯವರ ಕಾರು ನೋಡಿ ಉರಿಯಬಹುದು. ಕೇಳಿದವರು ಹೌದೌದು ಅಂತ ಜೊತೆಗೂಡುತ್ತಾರೆ. ಗಂಡನ ಮೇಲಿನ ಹೊಟ್ಟೆಕಿಚ್ಚನ್ನು ಯಾರ ಮುಂದೆ ಹೇಳುವುದು? ವರ್ತೂರಿಗೆ ಹೋದಾಗ ಅಮ್ಮನ ಮುಂದೆ ಬಾಯಿಬಿಟ್ಟೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. "ಗಂಡ ಮುಂದಕ್ಕ್ ಬಂದ್ರೆ ದೇವ್ರಿಗೆ ಕೈ ಮುಗೀತಾರೆ ಕಣೇ. ಹೊಟ್ಟೆ ಉರ್ಕೊಳ್ತಾರೇನೇ?" ಅಂದಳು. ಆಮೇಲೆ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಇವರು ಎರಡನೇ ಪಾಳಿಯಲ್ಲಿದ್ದಾಗ ಬಾಗಿಲ ಚೌಕಟ್ಟಿಗೆ ನೇತಾಡಿ ತೋಳು ಬಲಪಡಿಸಿಕೊಳ್ಳುತ್ತಿದ್ದೆ. ಇವರು ಎಲ್ಲಾದರೂ ಕಾಲು ಜಾರಿಸಿದರೆ, ಪೆಟ್ಟಾಗಲಿಲ್ಲ ಅಂತ ಖಾತ್ರಿಯಾದ ಮೇಲೆ, ಒಳಗೊಳಗೇ ಒಂದು ಸಮಾಧಾನ. ಇವರಿಗೋ ಇದು ಯಾವುದರ ಪರಿವೆಯೂ ಇರಲಿಲ್ಲ. ಹತ್ತುತ್ತಿದ್ದರು, ಇಳಿಯುತ್ತಿದ್ದರು, ಪೇಪರು ಓದುತ್ತಿದ್ದರು. ಇಷ್ಟು ಚೆನ್ನಾಗಿ ಹತ್ತುವವರಿಗೆ ಅದರ ಮೇಲೆ ಆಸೆಯಾದರೂ ಬೇಡವಾ ಅಂತ ನನಗೆ ಇನ್ನೂ ಉರಿ.

ಆ ಬಂಡೆಯ ಬಲಮಗ್ಗುಲಿಗೆ ಒಂದು ದೊಡ್ಡ ಬಿರುಕಿದೆ. ಹೊಲದ ಯಜಮಾನಿಯ ಕಡೆಯವರು ಅದನ್ನು ಉಡದ ಸಂದು ಅನ್ನುತ್ತಾರೆ, ಹಿಂದೆ ಅದರಲ್ಲಿ ಉಡಗಳಿದ್ದವಂತೆ. ನಾಲ್ಕು ಮಹಡಿಯ ಕಟ್ಟಡದಷ್ಟು ಎತ್ತರ, ಒಂದೇ ಏರು. ಹತ್ತುವವರ ಲೆಕ್ಕದಲ್ಲಿ ಮಹಾ ಕಷ್ಟದ್ದೇನಲ್ಲ, ಮಧ್ಯಮ. ಬುಡದಲ್ಲಿ ಅಂಗೈ ತೂರುವಷ್ಟಿರುವ ಬಿರುಕು ಮೇಲಕ್ಕೆ ಹೋದಂತೆ ಮುಷ್ಟಿಯಷ್ಟಾಗುತ್ತದೆ, ಆಮೇಲೆ ಮೊಣಕಾಲಷ್ಟು, ಕೊನೆಗೆ ಸಣ್ಣ ಆಳು ಓರೆಯಾಗಿ ತೂರುವಷ್ಟು. ಅಲ್ಲಿ ಯಾರೂ ಬಂಡೆಗೆ ಮೊಳೆ ಹೊಡೆದಿಲ್ಲ. ಮುಂದೆ ಹತ್ತುವವರು ತಮ್ಮ ರಕ್ಷಣೆಯನ್ನು ತಾವೇ ಸೊಂಟಕ್ಕೆ ತೂಗುಹಾಕಿಕೊಂಡು ಹೋಗಬೇಕು. ಕ್ಯಾಮ್ ಅಂತ ಕರೆಯುವ ಸಾಧನ ಅದು; ಹಿಡಿ ಎಳೆದರೆ ಕುಗ್ಗುತ್ತದೆ, ಬಿರುಕಿನೊಳಗೆ ಇಟ್ಟು ಬಿಟ್ಟರೆ ಅರಳಿ ಎರಡೂ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಅದಕ್ಕೆ ಹಗ್ಗ ಸಿಕ್ಕಿಸಿ ಮುಂದೆ ಹೋಗುವುದು. ಬಿದ್ದರೆ ಅದೇ ತಡೆಯಬೇಕು. ಹಿಂದೆ ಬರುವವರಿಗೆ ಮೇಲಿಂದ ಹಗ್ಗ ಇರುತ್ತದೆ, ಅವರಿಗೆ ಬೀಳುವ ಭಯವಿಲ್ಲ. ಇಟ್ಟಿದ್ದನ್ನೆಲ್ಲ ಬಿಚ್ಚಿಕೊಂಡು ಬರುವುದಷ್ಟೇ ಅವರ ಕೆಲಸ.

ಉಡದ ಸಂದನ್ನು ನಾನೇ ಮೊದಲಾಗಿ, ಹೀಗೆ ಕ್ಯಾಮ್ ಇಡುತ್ತಾ ಹತ್ತಬೇಕು ಅನ್ನುವುದು ನನ್ನ ಆಸೆ, ಮದುವೆಗೂ ಮೊದಲಿನದು. ಆಗೊಂದು ಸಲ ಪ್ರಯತ್ನಪಟ್ಟಿದ್ದೆ. ಬುಡದಲ್ಲಿ ಸರಾಗ. ಮುಷ್ಟಿಯಷ್ಟಾಗುವ ಕಡೆ ಬೇರೆಯವರು ಮುಷ್ಟಿ ಮಡಿಸಿ ತುರುಕಿ ಅದರ ಮೇಲೆ ಭಾರ ಬಿಡುತ್ತಾರೆ. ನನ್ನ ಮುಷ್ಟಿ ಅಲ್ಲಿ ಡಬ್ಬಿಯೊಳಗಿನ ಗೋಲಿಯ ಹಾಗೆ ಆಡುತ್ತಿತ್ತು. ಬಿದ್ದು ಕ್ಯಾಮಿಗೆ ನೇತುಬಿದ್ದು, ಅಳುತ್ತಾ ಇಳಿದಿದ್ದೆ. ಇವರಿಗೆ ಆ ಕತೆ ಹೇಳಿದ್ದೆ, ಒಂದಲ್ಲ ಒಂದು ದಿನ ಅದನ್ನು ಹತ್ತಿಯೇ ಹತ್ತುತ್ತೇನೆ ಅಂತಲೂ ಹೇಳಿದ್ದೆ.

ಮಳೆಗಾಲ ಮುಗಿದ ಒಂದು ಭಾನುವಾರ ಮೇಷ್ಟ್ರು ಇವರ ಕೈಗೆ ತಮ್ಮ ದೊಡ್ಡ ಕ್ಯಾಮ್ ಕೊಟ್ಟು, ಇವತ್ತು ಉಡದ ಸಂದು ನೋಡಿಬಿಡಿ ಸಾರ್ ಅಂದರು. ಇವರು ನನ್ನ ಮುಖ ನೋಡಿದರು. ಬೇಡ ಅಂದಿದ್ದರೆ ಬಿಡುತ್ತಿದ್ದರು. ಬೇಡ ಅನ್ನಲು ನನಗೆ ಕಾರಣವಿರಲಿಲ್ಲ. ಹೋಗಿ, ನಾನು ಹಿಡೀತೀನಿ ಅಂದೆ.

ಇವರು ಏರಿದರು. ನಾನು ಹಗ್ಗ ಬಿಡುತ್ತಾ ಹೋದೆ. ಮುಷ್ಟಿಯ ಜಾಗ ಬಂತು. ಇವರ ಕೈ ಒನಕೆಯಂಥದ್ದು, ಅಲ್ಲಿ ಬೆಣೆ ಹೊಡೆದ ಹಾಗೆ ಕೂತಿತು. ಅಗಲದ ಜಾಗದಲ್ಲಿ ಮೊಣಕಾಲು ಒಳಗಿಟ್ಟು, ಇನ್ನೊಂದು ಕಾಲು ಹೊರಗೆ ಚಾಚಿ, ಬಿರುಕಿನ ಅಂಚು ಹಿಡಿದು ಎದ್ದರು. ನಾನು ಮನಸ್ಸಿನಲ್ಲಿ, ಇಳಿ, ಆಗಲ್ಲ ಅಂದುಬಿಡು, ಇಳಿ ಅನ್ನುತ್ತಿದ್ದೆ. ಬೀಳಲಿ ಅಂತ ಒಂದು ಸಲವೂ ಅನ್ನಿಸಲಿಲ್ಲ, ದೇವರಾಣೆ. ಹಿಂದಿರುಗಲಿ ಅಂತ ಮಾತ್ರ ಅನ್ನಿಸಿತು. ಕೈ ಮಾತ್ರ ತನ್ನ ಪಾಡಿಗೆ ತಾನು, ಬೇಕಾದಾಗ ಬಿಟ್ಟು, ಬೇಕಾದಾಗ ಹಿಡಿದು, ಒಂದು ಗೇಣು ಹೆಚ್ಚು ಕಡಿಮೆ ಮಾಡದೆ ಕೆಲಸ ಮಾಡುತ್ತಿತ್ತು. ಹೊಟ್ಟೆಯಲ್ಲಿ ಅಷ್ಟು ಉರಿ ಇಟ್ಟುಕೊಂಡು ಕೈ ಅಷ್ಟು ನಿಗಾ ವಹಿಸಿದ್ದು ನನಗೆ ಇವತ್ತಿಗೂ ಆಶ್ಚರ್ಯ.

ಇವರು ಮೇಲೆ ಮುಟ್ಟಿದರು. ನಿಂತವರೆಲ್ಲ ಕೂಗಿದರು. ಆಮೇಲೆ ನನ್ನ ಸರದಿ. ಮೇಲಿಂದ ಹಗ್ಗ ಇತ್ತು, ಬೀಳುವ ಭಯವಿರಲಿಲ್ಲ, ಆದರೂ ಅಗಲದ ಜಾಗದಲ್ಲಿ ನಾನು ಸಿಕ್ಕಿಬಿದ್ದೆ. ಇವರು ಮಾಡಿದ ಹಾಗೇ ಕಾಲು ಚಾಚಲು ಹೋದೆ, ನನ್ನ ಕಾಲಿಗೆ ಗೋಡೆ ಸಿಗಲಿಲ್ಲ. ಮೊಣಕೈ ಸುಲಿಯಿತು, ಉಸಿರು ಹೋಯಿತು. ಇಳಿಸು ಅಂತ ಕೂಗಿದೆ. ಮೆತ್ತಗೆ, ಹಗ್ಗ ಸ್ವಲ್ಪವೂ ಎಳೆತವಾಗದ ಹಾಗೆ, ನನ್ನನ್ನು ಇಳಿಸಿದರು.

ವಾಪಸು ಬೈಕಿನಲ್ಲಿ ನಾನು ಇವರ ಭುಜ ಹಿಡಿಯದೆ ಹಿಂದಿನ ಕಂಬಿ ಹಿಡಿದು ಕೂತೆ. ಚಂದಾಪುರ ಸರ್ಕಲ್ಲಿನಲ್ಲಿ ಲಾರಿಗಳ ನಡುವೆ ನಿಂತಾಗ ಇವರು ಹಿಂದೆ ತಿರುಗದೆ ಕೇಳಿದರು, "ಸಿಟ್ಟೇನು?"

"ಸಿಟ್ಟಲ್ಲ, ಹೊಟ್ಟೆಕಿಚ್ಚು," ಅಂದೆ.

"ಯಾರ ಮ್ಯಾಲ?"

"ನಿಮ್ಮ ಮೇಲೆ."

ಲಾರಿ ಸರಿಯಿತು, ಹಿಂದಿನವರು ಹಾರನ್ ಹೊಡೆದರು, ಇವರು ಗೇರ್ ಹಾಕಿದರು. ಮನೆಗೆ ಬಂದು ಹೆಲ್ಮೆಟ್ ತೆಗೆದಿಟ್ಟು, ಎರಡು ಲೋಟ ನೀರು ಕುಡಿದು, ನಾ ಹತ್ತೂದು ಬಿಡ್ತೀನಿ ತಗೋ, ಮೊದಲಿನಂಗ ಹಗ್ಗ ಹಿಡೀತೀನಿ ಅಂದರು. ಅಳುವ ಮಗುವಿಗೆ ಕೈಯಲ್ಲಿದ್ದ ಲಡ್ಡು ಕೊಡುವವರ ಹಾಗೆ ಅಷ್ಟು ಹಗುರಾಗಿ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನೀವು ಬೇಡ ಅಂತ ಬಿಟ್ಟಿದ್ದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಅಂದೆ. ಇವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಹೇಳಲು ನನಗೂ ಬರಲಿಲ್ಲ.

ಹೇಳಿದ ಹಾಗೇ ಬಿಟ್ಟರು. ಬಂಡೆಗೆ ಬಂದರೂ ಹತ್ತುತ್ತಿರಲಿಲ್ಲ, ಭುಜ ನೋವು ಅಂತ ಮೇಷ್ಟ್ರಿಗೆ ಸುಳ್ಳು ಹೇಳಿದರು. ನಾನು ಹತ್ತಿದೆ, ಎಲ್ಲರೂ ನನ್ನನ್ನೇ ನೋಡಿದರು, ನನಗೆ ಏನೂ ರುಚಿಸಲಿಲ್ಲ. ಮೇಲೆ ಕೂತು ಕೆಳಗೆ ನೋಡಿದರೆ ಇವರು ಬಂಡೆಗೆ ಬೆನ್ನು ಹಾಕಿ ಹೊಲದ ಕಡೆ ನೋಡುತ್ತಾ ಕೂತಿರುತ್ತಿದ್ದರು. ಹೀಗೇ ಒಂದು ತಿಂಗಳು ಹೋಯಿತು.

ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದೆ, ಇವರು ಬೇಯಿಸುತ್ತಿದ್ದರು. ಹೆಂಚಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು, "ಒಂದು ಮಾತು. ನನಗ ಹತ್ತಬೇಕನಸ್ತೈತಿ. ಭಾಳ ಅನಸ್ತೈತಿ."

ನಾನು ಲಟ್ಟಣಿಗೆ ನಿಲ್ಲಿಸಿದೆ.

"ಮೊದಲಿಂದನೂ ಅನಸ್ತಿತ್ತು. ಅದು ನಿಂದು, ನಾ ಆಸೆ ತೋರಿಸಿದ್ರ ಚೊಲೋ ಅಲ್ಲ ಅಂತ ಪೇಪರ್ ಹಿಡ್ಕೊಂಡು ಕೂಡತಿದ್ದೆ. ಡ್ಯೂಟಿ ಮ್ಯಾಗೂ ಅದೇ ತಲ್ಯಾಗ. ರ‍್ಯಾಕ್ ನೋಡಿದ್ರ ಎಲ್ಲಿ ಕಾಲಿಡ್ಲಿ ಅನಸ್ತೈತಿ."

ಉಗ್ರಾಣದಲ್ಲಿ ಇವರು ರ‍್ಯಾಕುಗಳ ನಡುವೆ ನಿಂತು ತಲೆ ಎತ್ತಿ ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ಇಷ್ಟು ದಿನ ಇವರಿಗೆ ಎಲ್ಲಾ ಪುಕ್ಕಟೆ ಸಿಕ್ಕಿದೆ, ಆಸೆಯೂ ಇಲ್ಲದೆ ಸಿಕ್ಕಿದೆ ಅಂದುಕೊಂಡಿದ್ದೆ. ಆಸೆ ಇಟ್ಟುಕೊಂಡೇ ಮುಚ್ಚಿದ್ದರು. ಹೊಟ್ಟೆಕಿಚ್ಚು ಹೋಯಿತು ಅಂತ ಹೇಳಲಾರೆ. ಆದರೆ ಅವತ್ತಿಂದ ಅದನ್ನು ಇಟ್ಟುಕೊಂಡೇ ಇವರ ಮುಖ ನೋಡಿ ಮಾತಾಡುವುದಕ್ಕೆ ಬಂತು. ಹಾಗಾದರೆ ಹತ್ತಿ, ಆದರೆ ನನಗೆ ಉಡದ ಸಂದು ಬೇಕು, ಅದಕ್ಕೆ ಏನು ಮಾಡಬೇಕು ಅಂತ ಇಬ್ಬರೂ ಯೋಚಿಸೋಣ ಅಂದೆ. ಚಪಾತಿ ಸೀಯಿತು.

ಯೋಚಿಸಿದ್ದು ಮಲಗುವ ಕೋಣೆಯಲ್ಲಿ. ನಮ್ಮ ಗಾಡ್ರೇಜ್ ಬೀರುವಿಗೂ ಗೋಡೆಗೂ ನಡುವೆ ಒಂದು ಸಂದಿತ್ತು. ಒಂದು ದಿನ ಅದರ ಹಿಂದೆ ಬಿದ್ದ ದುಪಟ್ಟಾ ತೆಗೆಯಲು ನಾನು ಓರೆಯಾಗಿ ನುಗ್ಗಿದೆ. ಭುಜ ಒಳಗೆ ಹೋಯಿತು, ಸೊಂಟವೂ ಹೋಯಿತು. ಮೊಣಕೈ ಮಡಿಚಿ ಅಂಗೈಯನ್ನು ಬೀರುವಿಗೆ, ತೋಳಿನ ಹಿಂಭಾಗವನ್ನು ಗೋಡೆಗೆ ಒತ್ತಿದರೆ ಮೈ ಅಲ್ಲೇ ಕಚ್ಚಿಕೊಂಡಿತು. ಇವರನ್ನು ಕರೆದೆ. ಇವರು ಪ್ರಯತ್ನಪಟ್ಟರೆ ಎದೆಯೇ ಒಳಗೆ ಹೋಗಲಿಲ್ಲ. ಆಗ ಹೊಳೆಯಿತು. ನಾನು ಇಷ್ಟು ದಿನ ಇವರ ಹಾಗೆ, ಬೇರೆ ಎತ್ತರದವರ ಹಾಗೆ, ಬಿರುಕಿನ ಹೊರಗೆ ನಿಂತು ಹತ್ತಲು ನೋಡುತ್ತಿದ್ದೆ. ನಾನು ಒಳಗೆ ಹೋಗಬೇಕು.

ಅಲ್ಲಿಂದ ದಿನಾ ಅದೇ. ಮೊಣಕೈಗೆ ಹಳೇ ಸಾಕ್ಸ್ ಕತ್ತರಿಸಿ ತೊಟ್ಟುಕೊಂಡು ನಾನು ಬೀರು ಸಂದಿನಲ್ಲಿ ಒಂದೊಂದೇ ಗೇಣು ಏರುವುದು, ಬೀರು ಮಗುಚದ ಹಾಗೆ ಇವರು ಬೆನ್ನು ಕೊಟ್ಟು ನಿಲ್ಲುವುದು. ಕೆಳಗಿನ ಮನೆಯಾಕೆ ಬಂದು, ದಿನಾ ಏನ್ರೀ ಸಾಮಾನು ಸರಿಸ್ತೀರಾ ಅಂತ ಕೇಳಿ ಹೋದರು.

ರಾಗಿ ಕುಯ್ಲು ಮುಗಿದು ಹೊಲದಲ್ಲಿ ಬಣವೆ ಬಿದ್ದ ಮೇಲೆ, ಮಂಜು ಇನ್ನೂ ಕರಗದ ಒಂದು ಬೆಳಿಗ್ಗೆ ಉಡದ ಸಂದಿನ ಕೆಳಗೆ ನಿಂತೆವು. ಬೇರೆಯವರು ಬರುವ ಮೊದಲೇ ಬಂದಿದ್ದೆವು, ಯಾರಾದರೂ ನೋಡುವುದು ನನಗೆ ಬೇಡವಾಗಿತ್ತು. ಮೇಷ್ಟ್ರ ದೊಡ್ಡ ಕ್ಯಾಮನ್ನು ಹಿಂದಿನ ವಾರವೇ ಕೇಳಿ ತಂದಿದ್ದೆ. ಇವರು ನನ್ನ ಗಂಟು ನೋಡಿದರು, ನಾನು ಇವರ ಬಿಲ್ಲೆ ನೋಡಿದೆ.

ಬಂಡೆ ಐಸಿನಂತಿತ್ತು. ಬುಡದಲ್ಲಿ ಅಂಗೈ ತೂರಿಸಿ, ಹೆಬ್ಬೆರಳು ಮಡಿಸಿ, ಕಾಲು ಓರೆ ಮಾಡಿ ತುರುಕಿ ತಿರುಗಿಸಿ ಏರಿದೆ. ಮೊದಲ ಕ್ಯಾಮ್ ಇಟ್ಟೆ, ಎಳೆದು ನೋಡಿದೆ, ಹಗ್ಗ ಸಿಕ್ಕಿಸಿದೆ. ಮುಷ್ಟಿಯ ಜಾಗದಲ್ಲಿ ಮುಷ್ಟಿಯ ಬದಲು ಎರಡು ಕೈಯನ್ನೂ ಬೆನ್ನಿಗೆ ಬೆನ್ನು ಹಚ್ಚಿ ಒಳಗಿಟ್ಟೆ. ಎರಡು ಸಣ್ಣ ಕೈ ಸೇರಿ ಒಂದು ದೊಡ್ಡ ಕೈಯಾಯಿತು. ನೋವು ಬಹಳ. ಅಲ್ಲಿ ನಾನು ಹಿಂದೆ ಬಿದ್ದಿದ್ದೆ. ಬೀಳಲಿಲ್ಲ. ಅಗಲದ ಜಾಗದ ಕೆಳಗೆ ದೊಡ್ಡ ಕ್ಯಾಮ್ ಇಟ್ಟು ಒಂದು ಉಸಿರು ತೆಗೆದುಕೊಂಡೆ.

ಆಮೇಲೆ ಎಡ ಭುಜ ಮುಂದೆ ಮಾಡಿ ಒಳಗೆ ನುಗ್ಗಿದೆ. ಒಳಗೆ ಕತ್ತಲು, ಬಾವಲಿ ಹಿಕ್ಕೆಯ ವಾಸನೆ, ಕಿವಿಗೆ ತಣ್ಣನೆಯ ಕಲ್ಲು. ಮೊಣಕೈ ಮಡಿಚಿ ಒತ್ತಿ, ಮೊಣಕಾಲು ಒತ್ತಿ, ಹಿಮ್ಮಡಿ ಒಂದು ಗೋಡೆಗೆ ಕಾಲ್ಬೆರಳು ಇನ್ನೊಂದಕ್ಕೆ. ಒಂದು ಗೇಣು ಮೇಲೆ. ಕ್ಯಾಮನ್ನು ಜೊತೆಗೇ ಮೇಲಕ್ಕೆ ತಳ್ಳಿಕೊಂಡೆ. ಮತ್ತೆ ಒಂದು ಗೇಣು. ಉಸಿರು ಬಿಟ್ಟಾಗ ಎದೆ ಸಣ್ಣದಾಗಿ ಮೇಲೆ ಸರಿಯಬಹುದು, ಎಳೆದುಕೊಂಡಾಗ ಎದೆಯೇ ಬೆಣೆಯಾಗಿ ಹಿಡಿಯುತ್ತದೆ ಅಂತ ಅಲ್ಲೇ ಗೊತ್ತಾಯಿತು. ಒಂದು ಕಡೆ ಕ್ಯಾಮ್ ನನ್ನ ಕಾಲಿನ ಕೆಳಗೆ ಉಳಿದುಬಿಟ್ಟಿತು, ಬಗ್ಗಿ ತೆಗೆಯಲು ಜಾಗವಿಲ್ಲ. ಇನ್ನು ಬಿದ್ದರೆ ದೂರ ಬೀಳುತ್ತೇನೆ. ಆ ಹೊತ್ತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಇವರೂ ಇರಲಿಲ್ಲ, ಭಯ ಒಂದೇ ಇತ್ತು. ಅಳು ಬಂತು. ಅಳುತ್ತಲೇ ಉಸಿರು ಬಿಟ್ಟು ಮೇಲೆ ಸರಿದೆ, ಎಳೆದುಕೊಂಡು ನಿಂತೆ. ಕೆಳಗಿಂದ ಇವರಿಗೆ ನಾನು ಕಾಣುತ್ತಿರಲಿಲ್ಲ, ಹಗ್ಗ ಮಾತ್ರ ಒಳಗೆ ಹೋಗುವುದು ಕಾಣುತ್ತಿತ್ತಂತೆ. ಬೇಕಾದಷ್ಟು ಹಗ್ಗ ಬಂದುಕೊಂಡೇ ಇತ್ತು.

ಕೈ ಬಯಲಿಗೆ ಸಿಕ್ಕಿತು. ಮೇಲೆ ಉರುಳಿ ಅಂಗಾತ ಬಿದ್ದೆ. ಸಾಕ್ಸ್ ಹರಿದು ಎರಡೂ ಮೊಣಕೈಯಲ್ಲಿ ರಕ್ತ. ಮಂಜು ಎದ್ದು ಹೋಗುತ್ತಿತ್ತು.

ಮೇಲಿದ್ದ ಗುಂಡುಕಲ್ಲೊಂದಕ್ಕೆ ಪಟ್ಟಿ ಸುತ್ತಿ ಹಗ್ಗ ಬಿಗಿದು, ಬಾ ಅಂತ ಕೂಗಿದೆ. ಇವರು ಬಂದರು. ನನ್ನ ಹಾಗೆ ಒಳಗೆ ನುಗ್ಗಿ ನೋಡಿದರಂತೆ, ಬೀರುವಿನ ಹಾಗೇ ಎದೆ ಹೋಗಲಿಲ್ಲವಂತೆ. ಹೊರಗಿನಿಂದಲೇ ತಮ್ಮ ದಾರಿಯಲ್ಲಿ ಸರಸರ ಏರಿದರು. ನಾನು ಅಷ್ಟು ಹೊತ್ತು ಒದ್ದಾಡಿದ್ದನ್ನು ಇವರು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಸಿದರು. ಮತ್ತೆ ಆ ಹುಳಿ ತೇಗು. ಇನ್ನೂ ಉಸಿರೂ ಸರಿಯಾಗಿರಲಿಲ್ಲ ನನಗೆ.

ಮೇಲೆ ಬಂದವರು ನನ್ನ ಮೊಣಕೈ ಹಿಡಿದು ತಿರುಗಿಸಿ ನೋಡಿ, ಬಾಟಲಿಯ ನೀರು ಸುರಿದು ತೊಳೆದರು. ಒಳಗ ಹೆಂಗಿತ್ತು ಅಂತ ಕೇಳಿದರು. ನಾನು ಹೇಳುತ್ತಾ ಹೋದೆ, ಇವರು ಬಾಯಿ ಬಿಟ್ಟುಕೊಂಡು ಕೇಳಿದರು. ಖುಷಿಯಿಂದ ಇವರ ಮುಖ ಕೆಂಪಗಾಗಿತ್ತು. ನಾನು ಆ ಮುಖದಲ್ಲಿ ಹುಡುಕಿದೆ, ಎಲ್ಲಾದರೂ ಒಂದು ಚೂರು ಸಿಗುತ್ತದಾ ಅಂತ. ಕಡೆಗೆ ಕೇಳಿಯೇಬಿಟ್ಟೆ.

"ನಿಮಗೆ ಸ್ವಲ್ಪನೂ ಹೊಟ್ಟೆಕಿಚ್ಚು ಆಗ್ಲಿಲ್ವಾ?"

ಇವರು ಸುಮ್ಮನೆ ಇಲ್ಲ ಅಂದುಬಿಡಲಿಲ್ಲ. ನಿಜವಾಗಿಯೂ ಯೋಚಿಸಿದರು.

"ಇಲ್ಲ," ಅಂದರು. "ಆಗಿದ್ರ ಚೊಲೋ ಇತ್ತೇನು?"

"ಹೂಂ," ಅಂದೆ. "ಆಗಿದ್ದಿದ್ರೆ ನನಗೆ ಚೆನ್ನಾಗಿರ್ತಿತ್ತು."

ಇವರು ನಕ್ಕರು. ನಾನು ತಮಾಷೆಗೆ ಅಂದಿರಲಿಲ್ಲ, ಅದು ಇವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಯಾಕಂದರೆ ಆಮೇಲೆ ನನ್ನ ಪಕ್ಕ ಕೂತು, ಹೋಗಲಿ ಬಿಡು, ಮುಂದ ಎಂದರ ಆದ್ರ ಮೊದಲು ನಿನಗ ಹೇಳ್ತೀನಿ ಅಂದರು. ಇವರಿಗೆ ಬಂಡೆ ಹತ್ತುವುದು ಹುಟ್ಟಿನಿಂದ ಬಂದಿತ್ತೋ ಇಲ್ಲವೋ, ಇದಂತೂ ಬಂದಿತ್ತು. ಇನ್ನೊಬ್ಬರ ಏಳಿಗೆ ನೋಡಿ ಹೀಗೆ ಕೆಂಪಗಾಗುವ ಮುಖ. ನನಗೆ ಅದು ಎಷ್ಟು ಬೀರು ಸಂದಿನಲ್ಲಿ ಒದ್ದಾಡಿದರೂ ಬರುವುದಲ್ಲ. ಬಂಡೆಯ ಹೊಟ್ಟೆಕಿಚ್ಚು ಅವತ್ತಿಗೆ ಅರ್ಧ ಇಳಿಯಿತು, ಆ ಮುಖದ ಹೊಟ್ಟೆಕಿಚ್ಚು ಅವತ್ತೇ ಶುರುವಾಯಿತು.

ಗುಂಪಿನವರು ಬರುವ ಹೊತ್ತಾಗಿತ್ತು. ಒಂದೇ ಹಗ್ಗವನ್ನು ಎರಡು ತುದಿಯಿಂದ ಸುತ್ತುತ್ತಿದ್ದೆವು; ನನ್ನ ಕಡೆಯದು ಮುಗಿದಿತ್ತು, ಇವರ ಕಡೆಯದು ಇನ್ನೂ ಸಿಕ್ಕಾಗಿಯೇ ಇತ್ತು. ನಾನು ಬಿಡಿಸಿಕೊಡಲಿಲ್ಲ. ಇದೊಂದರಲ್ಲಾದರೂ ನಾನು ಮುಂದೆ ಅಂತ ಕೂತು ನೋಡಿದೆ.